ಪ್ರಶ್ನೋತ್ತರ: ಕಪಾಟಿನ ಜೀಪು, ಮೇಜಿನ ಶಿಲಾಬಾಲಿಕೆ

ಪ್ರಶ್ನೆ: ನಮ್ಮ ಚಿಕ್ಕಪ್ಪನವರು ಕಾಫಿ ತೋಟವೊಂದರಲ್ಲಿ ಬಹಳ ವರ್ಷ ಮಹೀಂದ್ರ ಜೀಪು ಓಡಿಸಿ ಈಗ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅಂಥದೇ ಜೀಪಿನ ಮಾದರಿಯನ್ನು ಉಡುಗೊರೆ ಕೊಡಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದೇವೆ. ಪೆಟ್ಟಿಗೆಗಳ ಮೇಲೆ 1:18, 1:43, 1:64 ಎಂದೆಲ್ಲ ಬರೆದಿರುತ್ತದೆ. ಇವುಗಳಲ್ಲಿ ಯಾವುದು ಸೂಕ್ತ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಆ ಅಂಕಿಗಳು ಮಾದರಿಯು ಅಸಲು ವಾಹನದ ಎಷ್ಟನೆಯ ಒಂದು ಭಾಗ ಎಂಬುದನ್ನು ಹೇಳುತ್ತವೆ. ನಮ್ಮ ತೋಟಗಳಲ್ಲಿ ಓಡಾಡಿದ ಹಳೆಯ ಜೀಪಿನ ಉದ್ದ ಸುಮಾರು 3.3 ಮೀಟರ್ ಎಂದಿಟ್ಟುಕೊಂಡರೆ, ಅದು 1:18ರಲ್ಲಿ ಸುಮಾರು 18 ಸೆಂಟಿಮೀಟರ್, 1:43ರಲ್ಲಿ ಎಂಟಕ್ಕೂ ಕಡಿಮೆ, 1:64ರಲ್ಲಿ ಐದು ಸೆಂಟಿಮೀಟರ್ ಆಗುತ್ತದೆ. 1:43 ಎಂಬ ವಿಚಿತ್ರ ಲೆಕ್ಕ ಬ್ರಿಟನ್ನಿನ ಆಟಿಕೆ ರೈಲುಗಳಿಂದ ಬಂದದ್ದು. ಅಲ್ಲಿ ಒಂದು ಅಡಿಗೆ ಏಳು ಮಿಲಿಮೀಟರ್ ಎಂದು ಅಳತೆ ಹಿಡಿಯುತ್ತಿದ್ದರು. ಇನ್ನು ಅಂಗೈಯಲ್ಲಿ ಹಿಡಿಯುವ ಅಗ್ಗದ ಕಾರುಗಳಲ್ಲಿ 1:64 ಎಂಬುದನ್ನು ಅಂದಾಜಿನ ಮಾತೆಂದೇ ತಿಳಿಯಿರಿ: ಎಲ್ಲವೂ ಒಂದೇ ಅಳತೆಯ ಪೊಟ್ಟಣದಲ್ಲಿ ಕೂರಬೇಕಾದ್ದರಿಂದ ಅಲ್ಲಿ ಲಾರಿಯೂ ಕಾರೂ ಹೆಚ್ಚುಕಡಿಮೆ ಸಮನಾಗಿರುತ್ತವೆ.

ನಿಮ್ಮ ಚಿಕ್ಕಪ್ಪನವರಿಗೆ 1:18 ಕೊಡಿ ಎಂಬುದು ನನ್ನ ಸಲಹೆ. ಆ ಗಾತ್ರದ ಡೈಕಾಸ್ಟ್ (ಅಚ್ಚಿನಲ್ಲಿ ಎರೆದ ಲೋಹದ) ಮಾದರಿಗಳಲ್ಲಿ ಸಾಮಾನ್ಯವಾಗಿ ಬಾನೆಟ್ ತೆರೆಯುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳೂ ತಿರುಗುತ್ತವೆ. ದಿನಬೆಳಗಾದರೆ ಬಾನೆಟ್ ಎತ್ತಿ ನೀರು, ಆಯಿಲ್ ನೋಡುತ್ತಿದ್ದವರಿಗೆ ಅದೇ ಮುಖ್ಯ. ಆದರೆ ಕೊಳ್ಳುವ ಮೊದಲು ಗಮನಿಸಬೇಕಾದ ಸಂಗತಿಗಳು ಬೇರೆಯೇ ಇವೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ಮಾದರಿ. ಅದರ ಬಾನೆಟ್ ತಗ್ಗಾಗಿದ್ದು, ಮೇಲೆ ಸೈನ್ಯದ ನಕ್ಷತ್ರವಿರುತ್ತದೆ, ಸ್ಟಿಯರಿಂಗ್ ಎಡಕ್ಕಿರುತ್ತದೆ. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿದರಾದರೂ, ಮುಂದೆ ದಶಕಗಳ ಕಾಲ ತಯಾರಿಸಿದ್ದು ಎತ್ತರದ ಎಂಜಿನ್ನಿಗಾಗಿ ಬಾನೆಟ್ಟನ್ನೇ ಎತ್ತರಿಸಿದ್ದ ಸಿಜೆ-3ಬಿ ಮಾದರಿಯನ್ನು, ಅದೂ ಬಲಗಡೆಯ ಸ್ಟಿಯರಿಂಗಿನೊಂದಿಗೆ. ಅಂಗಡಿಯವರು ‘ಎಲ್ಲಾ ಒಂದೇ ಜೀಪು’ ಎಂದು ಒಪ್ಪಿಸಬಹುದು. ಜೀವಮಾನವೆಲ್ಲ ಬಲಗಡೆ ಕುಳಿತು ಘಾಟಿ ಇಳಿಸಿದವರು ಅದನ್ನು ಒಪ್ಪಲಾರರು. ಸರಿಯಾದ ಮಾದರಿ ದೊಡ್ಡ ಗಾತ್ರದಲ್ಲಿ ದೊರಕದಿದ್ದರೆ, ತಪ್ಪಾದ ದೊಡ್ಡದಕ್ಕಿಂತ ಸರಿಯಾದ ಚಿಕ್ಕದನ್ನೇ ಕೊಳ್ಳಿ. ತೋಟದ ಜೀಪಿನ ಕೆಎ 18 ನಂಬರನ್ನು ಅದೇ ಅನುಪಾತದಲ್ಲಿ ಮುದ್ರಿಸಿ ಅಂಟಿಸಿದರೆ ಉಡುಗೊರೆಗೆ ಇನ್ನಷ್ಟು ಕಳೆ ಬರುತ್ತದೆ. ಅರ್ಧ ಮೀಟರ್ ಉದ್ದದ ಫಲಕ 1:18ರಲ್ಲಿ ಮೂರು ಸೆಂಟಿಮೀಟರಿಗೂ ಕಡಿಮೆಯಾಗುವುದರಿಂದ ಫೋಟೊ ಸ್ಟುಡಿಯೊದವರೇ ಮಾಡಿಕೊಡಬಲ್ಲರು.

ಪ್ರಶ್ನೆ: ಹೊರರಾಜ್ಯದ ಅತಿಥಿಗಳಿಗೆ ಕೊಡಲು ಬೇಲೂರಿನ ದರ್ಪಣ ಸುಂದರಿಯ ಪ್ರತಿಕೃತಿ ಹುಡುಕುತ್ತಿದ್ದೇನೆ. ನೋಡಲು ಒಂದೇ ರೀತಿಯಿರುವ ಎರಡು ಮೂರ್ತಿಗಳ ಬೆಲೆಯಲ್ಲಿ ಅಜಗಜಾಂತರವಿದೆ. ಕಲ್ಲಿನದು ಯಾವುದು, ಎರಕದ್ದು ಯಾವುದು ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಎರಡನ್ನೂ ತಲೆಕೆಳಗು ಮಾಡಿ ತಳವನ್ನು ನೋಡಿ. ರೆಸಿನ್ (ಗಟ್ಟಿಯಾಗುವ ಕೃತಕ ರಾಳ) ಮೂರ್ತಿಯನ್ನು ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರಾದ್ದರಿಂದ ತಳದಲ್ಲಿ ಗುಳ್ಳೆಯ ಗುರುತು, ಮಗ್ಗುಲಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಗೆರೆ ಉಳಿದಿರುವುದುಂಟು. ಅದೇ ಅಂಗಡಿಯ ಇನ್ನೊಂದು ಮೂರ್ತಿಯನ್ನು ಪಕ್ಕದಲ್ಲಿಟ್ಟಾಗ ಬೆರಳಿನ ತುದಿಯವರೆಗೂ ಎರಡೂ ಒಂದೇ ಆಗಿದ್ದರೆ ಅನುಮಾನವೇ ಬೇಡ. ಕಲ್ಲು ಕೈಗೆ ತಣ್ಣಗೆ, ಭಾರವಾಗಿ ಹತ್ತುತ್ತದೆ. ಬಳಪದ ಕಲ್ಲಾದರೆ ತಳದಲ್ಲಿ ಗುಂಡುಸೂಜಿಯಿಂದ ಗೀರಿದಾಗ ನುಣ್ಣನೆಯ ಪುಡಿ ಉದುರುತ್ತದೆ. ಹೊಯ್ಸಳ ಶಿಲ್ಪಿಗಳ ಕುಸುರಿಗೆ ಈ ಮೃದುತ್ವವೇ ಆಧಾರವಾಗಿತ್ತು: ಗಣಿಯಿಂದ ತೆಗೆದಾಗ ಮೆತ್ತಗಿರುವ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ.

ರೆಸಿನ್ ಎಂದ ಮಾತ್ರಕ್ಕೆ ಕೀಳೇನೂ ಅಲ್ಲ. ವಿಮಾನದಲ್ಲಿ ಒಯ್ಯುವವರಿಗೆ ಹಗುರವಾದುದೇ ಅನುಕೂಲ. ರೆಸಿನ್ನಿಗೆ ಕಲ್ಲಿನ ಬೆಲೆ ತೆರುವುದಷ್ಟೇ ತಪ್ಪು. ಎರಡರಲ್ಲಿಯೂ ನಾನು ಮೊದಲು ನೋಡುವುದು ಭಂಗಿಯನ್ನು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಹೊರಗೋಡೆಯ ಮೇಲಿರುವ 38 ಮದನಿಕೆಯರು ಚಾವಣಿಯ ಕೆಳಗೆ ಓರೆಯಾಗಿ ನಿಂತವರು, ಕೆಳಗಿನಿಂದ ಕತ್ತೆತ್ತಿ ನೋಡುವವರಿಗೆಂದು ಕಡೆದವರು. ಆ ಬಾಗು ಮರೆತು ಕಂಬದಂತೆ ನೆಟ್ಟಗೆ ನಿಲ್ಲಿಸಿದ ಪ್ರತಿಕೃತಿಯಲ್ಲಿ ಕನ್ನಡಿಯೊಂದು ಉಳಿದೀತೇ ಹೊರತು ಸುಂದರಿ ಉಳಿಯುವುದಿಲ್ಲ. ಮನೆಯಲ್ಲಿಡುವಾಗಲೂ ಮೇಜಿಗಿಂತ ಕಣ್ಣಿನ ಮಟ್ಟಕ್ಕಿಂತ ಮೇಲಿನ ಹಲಗೆಯೇ ಇವಳಿಗೆ ಒಪ್ಪುತ್ತದೆ.

ಒಂದು ಎಚ್ಚರಿಕೆ: ಯಾರಾದರೂ ‘ಇದು ಪ್ರತಿಕೃತಿಯಲ್ಲ, ಹಳೆಯದೇ’ ಎಂದು ಗುಟ್ಟಾಗಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪಗಳು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತುಗಳಾಗುತ್ತವೆ. ಅವುಗಳನ್ನು ಪರವಾನಗಿಯಿಲ್ಲದೆ ಮಾರುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ದಂತದ ಬೊಂಬೆಗಳ ಮಾರಾಟವಂತೂ ನಿಷಿದ್ಧ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಮಾದರಿ ಕಾರುಗಳ ರಟ್ಟಿನ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತದೆ, ಟಯರುಗಳು ಪ್ಲಾಸ್ಟಿಕ್ ಪೀಠಕ್ಕೆ ಅಂಟಿಕೊಳ್ಳುತ್ತವೆ. ಏನು ಮಾಡಲಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಟಯರಿನ ಮೆತು ವಸ್ತುವಿನಲ್ಲಿ ಬೆರೆಸಿದ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಪೀಠದ ಪ್ಲಾಸ್ಟಿಕ್ಕನ್ನು ಕರಗಿಸುವುದರಿಂದ ಹಾಗಾಗುತ್ತದೆ. ಚಕ್ರಗಳು ಪೀಠವನ್ನು ಮುಟ್ಟದಂತೆ ಅಡಿಯಲ್ಲಿ ಚಿಕ್ಕ ಮರದ ತುಂಡಿಟ್ಟು ಕಾರನ್ನು ತುಸು ಎತ್ತಿ ನಿಲ್ಲಿಸಿ. ಪೆಟ್ಟಿಗೆಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ಬಟ್ಟೆಯ ಬೀರುವಿಗೆ ಹಾಕುವ ನ್ಯಾಫ್ತಲಿನ್ ಗುಳಿಗೆಯನ್ನು ಮಾತ್ರ ಇಲ್ಲಿ ಹಾಕಬೇಡಿ, ಅದರ ಆವಿಯೂ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ.