ತೊಂದರೆಯೇ ಇಲ್ಲದಾಗ ಗರ್ಭಕಂಠದ ಪರೀಕ್ಷೆ ಏಕೆ?

ಮಂಡ್ಯದಲ್ಲಿರುವ ನಿಮ್ಮ ತಾಯಿಗೆ ನಲವತ್ತೆರಡು ವರ್ಷ, ಯಾವ ತೊಂದರೆಯೂ ಇಲ್ಲ, ಆದರೂ ಆಶಾ ಕಾರ್ಯಕರ್ತೆ ಪರೀಕ್ಷೆಗೆ ಕರೆಯುತ್ತಿರುವುದೇಕೆ ಎಂದು ಕೇಳಿದ್ದೀರಿ. ತೊಂದರೆ ಕಾಣಿಸುವ ಮೊದಲೇ ಜೀವಕೋಶಗಳ ಬದಲಾವಣೆ ಪತ್ತೆಯಾದರೆ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರನ್ನು ಬಾರದಂತೆಯೇ ತಡೆಯಬಹುದು, ಕರೆಯುವುದು ಅದಕ್ಕಾಗಿಯೇ.

ಈ ಕ್ಯಾನ್ಸರ್‌ಗೆ ಮುಖ್ಯ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಾಣು. ಇದು ಎಷ್ಟು ಸಾಮಾನ್ಯವೆಂದರೆ, ಸೋಂಕು ತಗುಲಿತೆಂದು ಯಾರ ನಡತೆಯನ್ನೂ ಶಂಕಿಸಬೇಕಾಗಿಲ್ಲ. ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತದೆ. ಆ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ, ಅಷ್ಟು ಕಾಲವೂ ನೋವಿರುವುದಿಲ್ಲ.

ಆರೋಗ್ಯ ಕೇಂದ್ರದಲ್ಲಿ ಮಾಡುವ ಸರಳ ಪರೀಕ್ಷೆಯಲ್ಲಿ, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಹತ್ತಿಯಿಂದ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಭಾಗ ಬೆಳ್ಳಗೆ ಕಾಣುತ್ತದೆ. ಬಿಳಿ ಮಚ್ಚೆ ಕಂಡರೆ ಕ್ಯಾನ್ಸರ್ ಎಂದಲ್ಲ, ಮುಂದಿನ ತಪಾಸಣೆ ಬೇಕೆಂದಷ್ಟೇ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಈ ಕ್ಯಾನ್ಸರ್‌ನಿಂದ ಸುಮಾರು 3.5 ಲಕ್ಷ ಮಹಿಳೆಯರು ತೀರಿಕೊಂಡರು, ಅವರಲ್ಲಿ ಶೇ. 94ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಕಬ್ಬಿನ ಗದ್ದೆಯ ಒಂದು ದಿನದ ಕೂಲಿ, ಸಂಕೋಚ, ‘ನನಗೇನಾಗಿದೆ’ ಎಂಬ ಮಾತು, ಇವೇ ನಮ್ಮ ಹೆಂಗಸರನ್ನು ತಡೆಯುತ್ತಿವೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ. ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಮಾತ್ರ ತಪಾಸಣಾ ಶಿಬಿರಕ್ಕೆ ಕಾಯದೆ ನೇರವಾಗಿ ಸ್ತ್ರೀರೋಗ ವೈದ್ಯರಲ್ಲಿ ತೋರಿಸಬೇಕು.