ಪ್ರತಿಕ್ರಿಯೆ: ಹಾಗಲಕಾಯಿ ಎಣ್ಣೆಗಾಯಿ ಗಟ್ಟಿಯಾಗೋದು ಯಾಕೆ?

ನಮಸ್ಕಾರ. ಉಪ್ಪು ಹಚ್ಚಿ ಹಿಂಡಿ, ಹುಣಸೆ ರಸದಲ್ಲೇ ಬೇಯಿಸಿದರೂ ಕಾಯಿ ಗಟ್ಟಿ, ಕಹಿಯೂ ಹೋಗಲಿಲ್ಲ ಅಂತ ಕೇಳಿದ್ದೀರಿ. ತಪ್ಪಿರೋದು ಹುಣಸೆ ಹಾಕಿದ ಹೊತ್ತಿನಲ್ಲಿ. ಹುಳಿ ಸೇರಿದ ಮೇಲೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಕಾಯಿ ಮೊದಲು ಎಣ್ಣೆಯಲ್ಲೇ ಬೇಯಲಿ.

ಅರ್ಧ ಕಿಲೋಗೆ ಗಿಡ್ಡ, ಎಳೇ ಹಸಿರು ಕಾಯಿ ಆರಿಸಿ. ಮುಳ್ಳನ್ನು ಮೇಲ್ಮೇಲೆ ಹೆರೆದು, ಉದ್ದಕ್ಕೆ ಸೀಳಿ, ಬಲಿತ ಬೀಜ ತೆಗೆಯಿರಿ. ಒಳಗೂ ಹೊರಗೂ ಒಂದು ಚಮಚ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಗಟ್ಟಿಯಾಗಿ ಹಿಂಡಿ, ಒಮ್ಮೆ ತೊಳೆದು ಮತ್ತೆ ಹಿಂಡಿ. ನೀರು ಉಳಿದರೆ ಎಣ್ಣೆ ಸಿಡಿಯುತ್ತೆ.

ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಗಿಟ್ಟು, ಮುಚ್ಚಿ, ಹೊರಳಿಸುತ್ತಾ ಹದಿನೈದು ನಿಮಿಷ ಬಾಡಿಸಿ. ಚಾಕು ಸಲೀಸಾಗಿ ಇಳಿಯಬೇಕು.

ಪುಡಿಗೆ ಹುರಿದ ಶೇಂಗಾ ಒಂದು ಬಟ್ಟಲು, ಹುರಿದ ಗುರೆಳ್ಳು ಎರಡು ಚಮಚ, ಒಣಕೊಬ್ಬರಿ, ಎಂಟು ಎಸಳು ಬೆಳ್ಳುಳ್ಳಿ, ಖಾರದಪುಡಿ. ತರಿತರಿಯಾಗಿರಲಿ, ನುಣ್ಣಗಾದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಕಾಯಿಯಲ್ಲಿ ಉಪ್ಪು ಉಳಿದಿರುತ್ತೆ, ಪುಡಿಗೆ ಕಮ್ಮಿ ಹಾಕಿ. ಬಾಡಿದ ಕಾಯಿಗೆ ತುಂಬಿ, ಉಳಿದದ್ದನ್ನು ಮೇಲೆ ಉದುರಿಸಿ. ಆಮೇಲೆ ಗಟ್ಟಿ ಹುಣಸೆ ರಸ ಎರಡು ಚಮಚ, ನಿಂಬೆಗಾತ್ರ ಬೆಲ್ಲ, ಐದು ನಿಮಿಷ. ಸಾಕು.

ಕಹಿ ಪೂರ್ತಿ ಹೋಗೋದಿಲ್ಲ, ಹೋಗಲೂಬಾರದು. ದಾವಣಗೆರೆ ಕಡೆಯ ಜೋಳದ ರೊಟ್ಟಿಗೆ ಆ ಕಹಿಯೇ ರುಚಿ. ಹಿರಿಯೂರಿನ ಕಡೆಯವರಾದರೆ ರಸ ಸ್ವಲ್ಪ ಹೆಚ್ಚಿಸಿ, ಮುದ್ದೆಗೂ ಹೊಂದುತ್ತೆ. ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳೋರಿದ್ದರೆ ಪಲ್ಯ ತಿನ್ನಲಿ, ಆದರೆ ಡಾಕ್ಟರನ್ನು ಕೇಳದೆ ಹಾಗಲಕಾಯಿಯ ಹಸಿ ರಸ ಕುಡಿಸಬೇಡಿ, ಸಕ್ಕರೆ ತೀರಾ ಇಳಿಯಬಹುದು.