ಪ್ರತಿಕ್ರಿಯೆ: ತಾಂಡಾ ಮಕ್ಕಳು ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ

ಎರಡನೇ ತರಗತಿಯ ತಾಂಡಾ (ಲಂಬಾಣಿ ಜನರ ಊರು) ಮಕ್ಕಳು ಮಾತಾಡುವುದಿಲ್ಲ, ಒಬ್ಬ ಹುಡುಗ ಬೋರ್ಡ್ ನೋಡಿ ಬರೆಯಲಾರ, ಕೆಲವು ಮನೆಯವರು ಗುಳೆ ಹೋಗುತ್ತಾರೆ ಎಂದು ಬರೆದಿದ್ದೀರಿ. ಮಕ್ಕಳು ಸುಮ್ಮನೆ ಕೂರುವುದಕ್ಕೆ ಬಹುತೇಕ ಭಾಷೆಯೇ ಕಾರಣ, ದಡ್ಡತನವಲ್ಲ. ಮನೆಯಲ್ಲಿ ಲಂಬಾಣಿ, ಪುಸ್ತಕದ ಕನ್ನಡ ಅವರಿಗೆ ಹೊಸದು. ನಿಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ತೆಲುಗು, ಉರ್ದು ಮನೆಮಾತಿನವರೂ ಇರುತ್ತಾರೆ.

ಮೊದಲು ಯಾರ ಮನೆಯಲ್ಲಿ ಯಾವ ಮಾತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಸರು ನೋಡಿ ಊಹಿಸಬೇಡಿ, ಕೇಳಿ. ಆಮೇಲೆ ರೊಟ್ಟಿ, ಕೊಡ, ಆಡು, ತೊಗರಿ ಗಿಡದ ಚಿತ್ರಗಳನ್ನು ಗೋಡೆಗೆ ಅಂಟಿಸಿ. ಮಕ್ಕಳಿಂದಲೇ ಅವರ ಮಾತಿನ ಹೆಸರು ಹೇಳಿಸಿ, ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡ ಪದ ಹಾಕಿ. ನಿಮ್ಮ ಉಚ್ಚಾರಕ್ಕೆ ನಗುತ್ತಾರೆ, ತಿದ್ದುತ್ತಾರೆ. ನಗಲಿ ಬಿಡಿ, ಮಾತು ಶುರುವಾಗುವುದೇ ಅಲ್ಲಿ. ಪಾಠದ ಕತೆಯನ್ನು ಎರಡೂ ಮಾತು ಬಲ್ಲ ಐದನೇ ತರಗತಿಯ ಯಾರಿಂದಲಾದರೂ ಮೊದಲು ಲಂಬಾಣಿಯಲ್ಲಿ ಹೇಳಿಸಿ, ನಂತರ ನೀವು ಕನ್ನಡದಲ್ಲಿ ಓದಿ. ಕನ್ನಡವೇ ಮಾತಾಡಬೇಕು ಎಂಬ ನಿಯಮ ಸದ್ಯಕ್ಕೆ ಬೇಡವೇ ಬೇಡ.

ಬೋರ್ಡ್ ನೋಡಿ ಬರೆಯಲಾಗದ ಹುಡುಗನದು ಬೇರೆ ವಿಷಯ. ಕಣ್ಣಿನದೋ, ಕಲಿಕೆಯದೋ, ಇಲ್ಲಿಂದ ಹೇಳಲಾರೆ. ನಾಳೆ ಮುಂದೆ ಕೂರಿಸಿ, ಪಕ್ಕದವರ ನೋಟ್‌ಬುಕ್ ನೋಡಿ ಬರೆಯಲು ಹೇಳಿ. ಸರಿಯಾಗಿ ಬರೆದರೆ ವೈದ್ಯರಿಗೆ ಕಣ್ಣು ತೋರಿಸಿ. ಆಗಲೂ ಅಕ್ಷರ ತಿರುವುಮುರುವಾದರೆ ಬಿ.ಆರ್.ಸಿ.ಯ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ಫೋನ್ ಮಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ, ಲೆಕ್ಕದಲ್ಲಿ ಕಾಣುವ ತೊಡಕು) ಇದೆ; ತಪಾಸಣೆ ಕೇಳಲು ಹಿಂಜರಿಯಬೇಡಿ.

ಇನ್ನು ಗುಳೆಯ ವಿಷಯ. ಮಕ್ಕಳ ಶಾಲೆ ತಪ್ಪದಿರಲು, ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳು ಯಾವುವು ಎಂದು ದೀಪಾವಳಿಗೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಒಪ್ಪುತ್ತಾರಾ ಕೇಳಿ. ಇಲ್ಲವಾದರೆ ಗುಳೆಯ ತಿಂಗಳುಗಳಲ್ಲಿ ಮಕ್ಕಳು ಇಲ್ಲೇ ಉಳಿಯಲು ಋತುಮಾನದ ವಸತಿ ವ್ಯವಸ್ಥೆ ಇದೆಯೇ ಎಂದು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.